ನ್ಯಾಸಧರ್ಮವೂ ಕೀಲಿಕೈಯ ಹೊಣೆಯೂ

ತನ್ನ ವಸ್ತುವನ್ನು ಮತ್ತೊಬ್ಬನ ವಶದಲ್ಲಿ ವಿಶ್ವಾಸದಿಂದ ಇರಿಸುವುದಕ್ಕೆ ನಮ್ಮ ಹಿರಿಯರು ನ್ಯಾಸವೆಂದು ಹೆಸರಿಟ್ಟರು. ದೂರದ ಯಾತ್ರೆಗೆ ಹೊರಟ ಗೃಹಸ್ಥನು ತನ್ನ ಹೊನ್ನನ್ನು ಊರಿನ ಶ್ರೇಷ್ಠಿಯ ಬಳಿ ಇರಿಸಿ ಹೋಗುತ್ತಿದ್ದ ಕಾಲದಿಂದ ಹಿಡಿದು, ಉಳಿತಾಯವನ್ನು ಬ್ಯಾಂಕಿನಲ್ಲಿ ತೊಡಗಿಸುವ ಈ ಕಾಲದವರೆಗೆ ಲೋಕವ್ಯವಹಾರವು ಬಹುಮಟ್ಟಿಗೆ ಈ ಒಂದು ವಿಶ್ವಾಸದ ಮೇಲೆಯೇ ನಿಂತಿದೆ. ತತ್ತ್ವಾರ್ಥಸೂತ್ರವು ನ್ಯಾಸಾಪಹಾರವನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಸೇರಿಸದೆ ಸತ್ಯಾಣುವ್ರತದ ಅತಿಚಾರಗಳ ಸಾಲಿನಲ್ಲಿ ಎಣಿಸಿರುವುದು ವಿಚಾರಾರ್ಹವಾದ ಸಂಗತಿ. ಹತ್ತು ಹೊನ್ನನ್ನು ಇಟ್ಟವನು ಲೆಕ್ಕ ಮರೆತು ಎಂಟನ್ನು ಕೇಳುತ್ತಾನೆ. ಇರಿಸಿಕೊಂಡವನು ‘ಹೌದು, ಅಷ್ಟೇ’ ಎಂದು ಎಂಟನ್ನೇ ಎಣಿಸಿ ಕೊಡುತ್ತಾನೆ. ಇಲ್ಲಿ ಯಾರೂ ಗೋಡೆಗೆ ಕನ್ನ ಹಾಕಲಿಲ್ಲ, ಯಾರ ಗಂಟನ್ನೂ ಕಸಿಯಲಿಲ್ಲ. ಲೆಕ್ಕವು ಒಂದಾಗಿ, ಮಾತು ಮತ್ತೊಂದಾಯಿತು. ನ್ಯಾಸವು ಮೊದಲು ಕೆಡುವುದು ಮಾತಿನಲ್ಲಿ. ವಸ್ತುವು ಕೈತಪ್ಪುವುದು ಅನಂತರ.

ಈ ಹಳೆಯ ವಿಚಾರವು ತೀರ ಹೊಸದಾದ ಒಂದು ಬಗೆಯ ಸಂಪತ್ತಿಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಸಮೀಪದಿಂದ ನೋಡುವ ಪ್ರಸಂಗವು ನನಗೆ ಒದಗಿತು. ನಾನು 34 ವರ್ಷ ಬ್ಯಾಂಕಿನ ಸೇವೆಯಲ್ಲಿದ್ದು, ಅದರಲ್ಲಿ ಬಹುಕಾಲ ಸ್ಟ್ರಾಂಗ್ ರೂಮು ಮತ್ತು ಲಾಕರುಗಳ ಉಸ್ತುವಾರಿಯನ್ನು ನೋಡಿಕೊಂಡು ನಿವೃತ್ತನಾದವನು. ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಅವನು 2020ರಿಂದೀಚೆಗೆ ತನ್ನ ಸಂಬಳದ ಅಲ್ಪಾಂಶದಿಂದ ಬಿಟ್‌ಕಾಯಿನ್ ಎಂಬ ಕ್ರಿಪ್ಟೋ ನಾಣ್ಯವನ್ನು ಸ್ವಲ್ಪ ಸ್ವಲ್ಪವಾಗಿ ಕೊಳ್ಳುತ್ತ ಬಂದಿದ್ದ. ಅದನ್ನು ಕೊಳ್ಳುವುದು ಯುಕ್ತವೇ ಎಂಬ ಪ್ರಶ್ನೆ ಬೇರೆಯೇ ಇದೆ. ಅದರ ಬೆಲೆಯ ಏರಿಳಿತವನ್ನು ಕಂಡ ನಾನು ಯಾರಿಗೂ ಕೊಳ್ಳಿರೆಂದು ಹೇಳುವವನಲ್ಲ. ನಮ್ಮ ರಿಸರ್ವ್ ಬ್ಯಾಂಕು ಕೂಡ ಪದೇ ಪದೇ ಎಚ್ಚರಿಕೆ ನೀಡಿದೆ. ಆದರೆ ನ್ಯಾಯವಾಗಿ ದುಡಿದು ಕೂಡಿಸಿದ ವಸ್ತುವನ್ನು ಕಾಪಾಡಿಕೊಳ್ಳುವುದೂ ಗೃಹಸ್ಥನ ಕರ್ತವ್ಯವೇ ಆಗಿರುವುದರಿಂದ, ಅವನು 2024ರ ಡಿಸೆಂಬರಿನಲ್ಲಿ ‘ಮಾವ, ಇದನ್ನು ಎಕ್ಸ್‌ಚೇಂಜಿನಿಂದ ನನ್ನ ಕೈಗೆ ತಂದುಕೊಳ್ಳಬೇಕೆಂದಿದ್ದೇನೆ. ಯಂತ್ರದ ಕೆಲಸ ನನಗೆ ಗೊತ್ತು. ಆದರೂ ಒಬ್ಬನೇ ಕುಳಿತು ಮಾಡುವುದು ಬೇಡ ಎನಿಸುತ್ತಿದೆ. ನೀವು ಪಕ್ಕದಲ್ಲಿರಬೇಕು’ ಎಂದು ಕರೆದಾಗ ನಾನು ಬೆಂಗಳೂರಿಗೆ ಹೋದೆನು.

ವಾಚಕರಲ್ಲಿ ಅನೇಕರಿಗೆ ಈ ನಾಣ್ಯದ ಸ್ವರೂಪವು ಅಪರಿಚಿತವಾಗಿರಬಹುದು. ಬಿಟ್‌ಕಾಯಿನ್ ಎಂಬುದು ಕೈಗೆ ಸಿಗುವ ವಸ್ತುವಲ್ಲ. ಜಗತ್ತಿನ ಸಾವಿರಾರು ಗಣಕಯಂತ್ರಗಳು ಒಂದೇ ಲೆಕ್ಕದ ಪುಸ್ತಕವನ್ನು ಏಕಕಾಲದಲ್ಲಿ ಬರೆದುಕೊಂಡು ಬರುತ್ತವೆ. ಅದರ ಮೊದಲನೆಯ ಪುಟ 2009ರ ಜನವರಿ 3ರದು. ಯಾವ ವಿಳಾಸದಲ್ಲಿ ಎಷ್ಟು ನಾಣ್ಯವಿದೆ ಎಂಬುದನ್ನು ಆ ಪುಸ್ತಕದಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಅದನ್ನು ಅಲ್ಲಿಂದ ಕದಲಿಸುವ ಅಧಿಕಾರವಿರುವುದು ಆ ವಿಳಾಸಕ್ಕೆ ಸಂಬಂಧಿಸಿದ ಖಾಸಗಿ ಕೀಲಿಕೈಯನ್ನು ಬಲ್ಲವನಿಗೆ ಮಾತ್ರ. ಈ ಕೀಲಿಕೈ ಎಂಬುದೂ ಲೋಹದ್ದಲ್ಲ; ಊಹಿಸಿ ಕಂಡುಹಿಡಿಯಲಾಗದಷ್ಟು ದೊಡ್ಡದಾದ ಒಂದು ಸಂಖ್ಯೆ. ಕೊಳ್ಳುವ ಮಾರುವ ಅಂಗಡಿಯಂತಿರುವ ಎಕ್ಸ್‌ಚೇಂಜಿನಲ್ಲಿ ನಾವು ಖಾತೆ ತೆರೆದು ನಾಣ್ಯವನ್ನು ಕೊಂಡಾಗ ಕೀಲಿಕೈ ಎಕ್ಸ್‌ಚೇಂಜಿನ ಬಳಿಯೇ ಉಳಿಯುತ್ತದೆ. ನಮ್ಮ ಪರದೆಯ ಮೇಲೆ ಕಾಣುವುದು ‘ನಿನ್ನದು ಇಷ್ಟು ನಮ್ಮಲ್ಲಿದೆ’ ಎಂಬ ಅವರ ಮಾತು ಮಾತ್ರ. ಮೇಲೆ ಹೇಳಿದ ಶ್ರೇಷ್ಠಿಯ ಮಾತಿಗೂ ಇದಕ್ಕೂ ಜಾತಿಯಲ್ಲಿ ಭೇದವಿಲ್ಲ.

ಆ ಮಾತು ಸತ್ಯವಾಗಿರುವವರೆಗೆ ಚಿಂತೆಯಿಲ್ಲ. ಅನೇಕ ಸಂಸ್ಥೆಗಳು ಗ್ರಾಹಕರ ಸೊತ್ತನ್ನು ಪ್ರಾಮಾಣಿಕವಾಗಿಯೇ ನೋಡಿಕೊಳ್ಳುತ್ತಿರಬಹುದು. ಆದರೂ ಕಳೆದ ಕೆಲವು ವರ್ಷಗಳ ಇತಿಹಾಸವು ಎಚ್ಚರವನ್ನು ಕಲಿಸುವಂತಹುದು. ಟೋಕಿಯೋ ನಗರದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜು 2014ರ ಫೆಬ್ರುವರಿಯಲ್ಲಿ ಸುಮಾರು 8,50,000 ಬಿಟ್‌ಕಾಯಿನ್‌ಗಳು ಕಾಣೆಯಾದುವೆಂದು ಹೇಳಿ ದಿವಾಳಿಯಾಯಿತು. ಅವುಗಳಲ್ಲಿ 2,00,000ದಷ್ಟು ಅನಂತರ ಸಿಕ್ಕಿದರೂ, ಗ್ರಾಹಕರಿಗೆ ನಾಣ್ಯರೂಪದ ಮರುಪಾವತಿ ಆರಂಭವಾದದ್ದು 2024ರ ಜುಲೈಯಲ್ಲಿ. ಕೆನಡಾ ದೇಶದ ಕ್ವಾಡ್ರಿಗಾ ಸಂಸ್ಥೆಯ ಸ್ಥಾಪಕನು 2018ರ ಡಿಸೆಂಬರಿನಲ್ಲಿ ನಮ್ಮ ಜಯಪುರದಲ್ಲಿ ತೀರಿಕೊಂಡಾಗ, ಕೀಲಿಕೈಗಳು ಅವನೊಬ್ಬನಿಗೇ ಗೊತ್ತಿದ್ದವೆಂದು ಸಂಸ್ಥೆ ಹೇಳಿತು. ತನಿಖೆ ಮುಂದುವರಿದಂತೆ ಬೀಗ ಹಾಕಿದ್ದ ಆ ಪೆಟ್ಟಿಗೆಗಳು ಬಹುಪಾಲು ಬರಿದಾಗಿಯೇ ಇದ್ದುವೆಂದು, ಅವನು ಗ್ರಾಹಕರ ಹಣದಿಂದ ಮೋಸದ ವ್ಯಾಪಾರ ನಡೆಸಿದ್ದನೆಂದು ಬಯಲಾಯಿತು. ಎಫ್‌ಟಿಎಕ್ಸ್ ಎಂಬ ಹೆಸರುವಾಸಿ ಎಕ್ಸ್‌ಚೇಂಜು 2022ರ ನವೆಂಬರ್ 11ರಂದು ದಿವಾಳಿ ಅರ್ಜಿ ಸಲ್ಲಿಸಿತು. ಗ್ರಾಹಕರ ಠೇವಣಿಯನ್ನು ಬೇರೆಡೆಗೆ ತಿರುಗಿಸಿದ ಅದರ ಸ್ಥಾಪಕನಿಗೆ 2024ರ ಮಾರ್ಚಿಯಲ್ಲಿ 25 ವರ್ಷಗಳ ಸೆರೆವಾಸ ವಿಧಿಸಲಾಯಿತು. ಕೊನೆಯ ದಿನದವರೆಗೂ ಗ್ರಾಹಕರ ಪರದೆಯ ಮೇಲೆ ಅಂಕಿಗಳು ಸರಿಯಾಗಿಯೇ ಇದ್ದುವು. ಇದಕ್ಕಿಂತ ಸ್ಪಷ್ಟವಾದ ನ್ಯಾಸಾಪಹಾರದ ಉದಾಹರಣೆ ಬೇಕಾಗಿಲ್ಲ.

ಎಲ್ಲ ನಷ್ಟಗಳೂ ದುರುದ್ದೇಶದಿಂದಲೇ ಆದವಲ್ಲ. ನಮ್ಮ ದೇಶದ ವಜೀರ್‌ಎಕ್ಸ್ ಸಂಸ್ಥೆಯಿಂದ 2024ರ ಜುಲೈ 18ರಂದು ಹೊರಗಿನ ಕಳ್ಳರು ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳನ್ನು ಅಪಹರಿಸಿದರು. ಗ್ರಾಹಕರು ತಮ್ಮ ನಾಣ್ಯಗಳನ್ನು ಹಿಂಪಡೆಯುವುದು ನಿಂತುಹೋಗಿ, ಸಿಂಗಾಪುರದ ನ್ಯಾಯಾಲಯದ ಒಪ್ಪಿಗೆ ದೊರೆತು ವ್ಯವಹಾರವು ಮರಳಿ ಆರಂಭವಾದದ್ದು 2025ರ ಅಕ್ಟೋಬರಿನಲ್ಲಿ. ಬ್ಯಾಂಕಿನ ಠೇವಣಿಗಾದರೆ 5 ಲಕ್ಷ ರೂಪಾಯಿಗಳವರೆಗೆ ವಿಮೆಯ ರಕ್ಷಣೆಯುಂಟು. ಕ್ರಿಪ್ಟೋ ನಾಣ್ಯಕ್ಕೆ ಅಂತಹ ರಕ್ಷಣೆಯಿಲ್ಲ. ನನ್ನ ಸೋದರಳಿಯನನ್ನು ಎಚ್ಚರಿಸಿದ್ದು ಈ ಪ್ರಕರಣವೇ. ಅವನ ಖಾತೆ ಬೇರೆ ಕಡೆ ಇತ್ತು, ಅವನ ನಾಣ್ಯ ಸುರಕ್ಷಿತವಾಗಿತ್ತು. ಸುರಕ್ಷಿತವಾಗಿರುವಾಗಲೇ ವಿಚಾರಮಾಡುವುದು ವಿವೇಕವಷ್ಟೆ.

ಅವನು ತರಿಸಿದ್ದ ಹಾರ್ಡ್‌ವೇರ್ ವ್ಯಾಲೆಟ್ ಹೆಬ್ಬೆರಳಿಗಿಂತ ಕೊಂಚ ದೊಡ್ಡದಾದ, ಸಣ್ಣ ಪರದೆಯೂ ಎರಡು ಗುಂಡಿಗಳೂ ಇರುವ ಉಪಕರಣ. ಅದರೊಳಗೆ ನಾಣ್ಯವಿರುತ್ತದೆ ಎಂದು ಜನರು ತಿಳಿಯುತ್ತಾರೆ. ನಿಜವಾಗಿ ಅದರಲ್ಲಿರುವುದು ಕೀಲಿಕೈ. ಪಾವತಿಯ ಪತ್ರಕ್ಕೆ ಉಪಕರಣದ ಒಳಗೇ ಸಹಿ ಬಿದ್ದು ಸಹಿ ಮಾತ್ರ ಹೊರಬರುತ್ತದೆ. ಕೀಲಿಕೈ ಅಂತರ್ಜಾಲಕ್ಕೆ ಸೇರಿದ ಗಣಕಯಂತ್ರವನ್ನು ಮುಟ್ಟುವುದೇ ಇಲ್ಲ. ಅದನ್ನು ಅವನು ತಯಾರಕ ಸಂಸ್ಥೆಯಿಂದಲೇ ನೇರವಾಗಿ ತರಿಸಿದ್ದ. ಯಾರೋ ಬಳಸಿದ್ದನ್ನು ಅಗ್ಗವೆಂದು ಕೊಳ್ಳುವುದು, ಪದಗಳನ್ನು ಮೊದಲೇ ಬರೆದ ಚೀಟಿಯೊಂದಿಗೆ ಬಂದ ಉಪಕರಣವನ್ನು ನಂಬುವುದು, ಎರಡೂ ಕಳ್ಳನ ಕೈಯಿಂದ ಬೀಗವನ್ನು ಕೊಂಡಂತೆ. 2020ರಲ್ಲಿ ಲೆಜರ್ ಎಂಬ ತಯಾರಕರ ಗ್ರಾಹಕರ ಪಟ್ಟಿಯು ಸೋರಿ, ಸುಮಾರು 2,72,000 ಜನರ ಅಂಚೆ ವಿಳಾಸ ಮತ್ತು ದೂರವಾಣಿ ಸಂಖ್ಯೆಗಳು ಬಹಿರಂಗವಾದ ಮೇಲೆ, ಕೆಲವರ ಮನೆಗೆ ನಕಲಿ ಉಪಕರಣಗಳೇ ಅಂಚೆಯಲ್ಲಿ ಬಂದುವು. ಕೇಳದೆ ಮನೆಗೆ ಬಂದ ಪೆಟ್ಟಿಗೆಯನ್ನು ಬಳಸದಿರುವುದೇ ಲೇಸು.

ಕೆಲಸವು ಆರಂಭವಾಯಿತು. ಉಪಕರಣವು ತಾನೇ 24 ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಪರದೆಯ ಮೇಲೆ ತೋರಿಸಿತು. 2,048 ಪದಗಳ ಒಂದು ನಿಶ್ಚಿತ ಪಟ್ಟಿಯಿಂದ ಅವು ಆಯ್ಕೆಯಾಗುತ್ತವೆ. ಆ ಕೀಲಿಕೈಯೇ ಪದಗಳ ರೂಪದಲ್ಲಿ ಹೊರಬಂದಿದೆ ಎಂದು ತಿಳಿಯಬೇಕು. ಉಪಕರಣ ಒಡೆದರೂ, ಕಳೆದುಹೋದರೂ, ಈ ಪದಗಳು ಕ್ರಮ ತಪ್ಪದೆ ನಮ್ಮಲ್ಲಿದ್ದರೆ ಹೊಸ ಉಪಕರಣದಲ್ಲಿ ಎಲ್ಲವೂ ಮರಳಿ ದೊರೆಯುತ್ತದೆ. ಪದಗಳು ಅನ್ಯರ ಕೈಗೆ ಸಿಕ್ಕರೆ ಉಪಕರಣವಿಲ್ಲದೆಯೇ ಅವರು ಎಲ್ಲವನ್ನೂ ಒಯ್ಯಬಹುದು. ಅವನು ಅವನ್ನು ಕಾಗದದ ಮೇಲೆ ಲೇಖನಿಯಿಂದ ಬರೆದುಕೊಂಡ. ಛಾಯಾಚಿತ್ರ ತೆಗೆಯಲಿಲ್ಲ, ಮೊಬೈಲಿನಲ್ಲಿ ಟಿಪ್ಪಣಿ ಮಾಡಲಿಲ್ಲ, ತನಗೇ ಮಿಂಚಂಚೆ ಕಳುಹಿಸಿಕೊಳ್ಳಲಿಲ್ಲ. ಬರೆಯುವಾಗ ನಾನು ಕಿಟಕಿಯ ಕಡೆಗೆ ಮುಖ ತಿರುಗಿಸಿ ಕುಳಿತೆ. ಲಾಕರಿನ ಬಾಗಿಲು ತೆರೆದ ಮೇಲೆ ಬ್ಯಾಂಕಿನ ಅಧಿಕಾರಿ ಹೊರಗೆ ಬರಬೇಕು ಎಂಬುದು ನಮ್ಮ ಹಳೆಯ ಶಿಸ್ತು.

ನಾಣ್ಯವನ್ನು ತರುವ ಮುನ್ನವೇ ಉಪಕರಣದಲ್ಲಿದ್ದುದೆಲ್ಲವನ್ನೂ ಅಳಿಸಿ, ಬರೆದ ಪದಗಳಿಂದ ಅದನ್ನು ಮತ್ತೆ ಸಿದ್ಧಪಡಿಸಿ ನೋಡಬೇಕೆಂಬುದು ಅವನ ಯೋಜನೆ. ಬರಿದಾದ ಪೆಟ್ಟಿಗೆಯಲ್ಲಿಯೇ ಬೀಗವನ್ನು ಪರೀಕ್ಷಿಸುವ ಈ ಕ್ರಮ ನನಗೆ ಬಹಳ ಮೆಚ್ಚಿಗೆಯಾಯಿತು. ಆದರೆ ಅಷ್ಟರಲ್ಲಿ, ಅದುವರೆಗೆ ಸುಮ್ಮನೆ ನೋಡುತ್ತಿದ್ದ ಅವನ ಹೆಂಡತಿ ಒಂದು ಪ್ರಶ್ನೆಯನ್ನು ಕೇಳಿದಳು.

‘ನಿಮಗೆ ಏನಾದರೂ ಆದರೆ ನಾನು ಯಾರನ್ನು ಕೇಳಲಿ? ಬ್ಯಾಂಕಾದರೆ ಹೋಗಿ ನಿಲ್ಲುತ್ತೇನೆ, ಕಾಗದ ತೋರಿಸುತ್ತೇನೆ. ಇದಕ್ಕೆ ಬಾಗಿಲು ಎಲ್ಲಿದೆ?’

ಅವನು ಮೃದುವಾಗಿಯೇ ಉತ್ತರಿಸಿದ. ‘ತಿಳಿದವರು ಕಡಿಮೆಯಾದಷ್ಟೂ ಕ್ಷೇಮ. ನಿನಗೆ ಹೇಳಿದರೆ ನಿನಗೂ ಅಪಾಯವೇ.’

‘ನನಗೆ ತಿಳಿಯದಿದ್ದರೆ ಇದು ನಿಮ್ಮ ತಾಯಿಯ ಮುಪ್ಪಿಗೆಂದು ಇಟ್ಟದ್ದು ಎಂದು ಹೇಳುವುದು ಹೇಗೆ? ನಿಮ್ಮೊಡನೆಯೇ ಹೋಗುವ ವಸ್ತು ಅವರಿಗೆ ಏತಕ್ಕೆ ಬಂತು?’ ಎಂದಳು ಅವಳು.

ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಗುಟ್ಟು ಹಂಚಿಕೆಯಾದಷ್ಟೂ ಸೋರುತ್ತದೆ ಎಂಬುದು ನಿಜ. ಹಂಚಿಕೆಯಾಗದ ಗುಟ್ಟು ಒಡೆಯನೊಡನೆ ನಾಶವಾಗುತ್ತದೆ ಎಂಬುದೂ ಅಷ್ಟೇ ನಿಜ. ವೇಲ್ಸ್ ಪ್ರಾಂತದ ನ್ಯೂಪೋರ್ಟ್ ನಗರದ ಜೇಮ್ಸ್ ಹೋವೆಲ್ಸ್ ಎಂಬವರು ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿಕೈಯಿದ್ದ ಹಾರ್ಡ್ ಡಿಸ್ಕ್ 2013ರಲ್ಲಿ ಕಸದೊಡನೆ ಹೋಯಿತೆಂದು ಹೇಳಿ, ಊರಿನ ಕಸದ ಗುಡ್ಡೆಯನ್ನು ಅಗೆಯಲು ಅನುಮತಿ ಕೋರಿ ವರ್ಷಗಟ್ಟಲೆ ಹೋರಾಡಿದರು. 2025ರ ಜನವರಿಯಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು ಅವರ ದಾವೆಯನ್ನು ತಳ್ಳಿಹಾಕಿತು. ಅವರಿಂದ ಯಾರೂ ಕದಿಯಲಿಲ್ಲ, ಯಾವ ಸಂಸ್ಥೆಯೂ ದಿವಾಳಿಯಾಗಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಆ ನಾಣ್ಯಗಳು ಇಂದಿಗೂ ಹಾಗೆಯೇ ಇವೆ. ಅವನ್ನು ಕದಲಿಸಬಲ್ಲವರು ಯಾರೂ ಇಲ್ಲ. ಎಕ್ಸ್‌ಚೇಂಜಿನಲ್ಲಿ ಗುಪ್ತಪದ ಮರೆತರೆ ಗುರುತುಪತ್ರ ತೋರಿಸಿ ಹೊಸದನ್ನು ಪಡೆಯಬಹುದು. ಲಾಕರಿನ ಕೀಲಿಕೈ ಕಳೆದರೆ ಸಾಕ್ಷಿಗಳ ಸಮಕ್ಷಮದಲ್ಲಿ ಒಡೆದು ತೆಗೆಯಬಹುದು. ಸ್ವಂತ ವಶಕ್ಕೆ ತಂದುಕೊಂಡ ನಾಣ್ಯಕ್ಕೆ ಅರ್ಜಿ ಕೊಡುವ ಕಛೇರಿಯೇ ಇಲ್ಲ.

ಆ ಸಂದರ್ಭದಲ್ಲಿ ನಾನು ನಮ್ಮ ಸ್ಟ್ರಾಂಗ್ ರೂಮಿನ ನಿಯಮವನ್ನು ಅವರಿಬ್ಬರಿಗೂ ವಿವರಿಸಿದೆನು. ಬ್ಯಾಂಕಿನ ನಗದು ಯಾವಾಗಲೂ ಇಬ್ಬರು ಅಧಿಕಾರಿಗಳ ಜಂಟಿ ವಶದಲ್ಲಿರುತ್ತದೆ; ಇಬ್ಬರ ಕೀಲಿಕೈಗಳೂ ಸೇರದೆ ಬಾಗಿಲು ತೆರೆಯದು. ಒಬ್ಬನು ಕಳ್ಳನೆಂಬ ಸಂಶಯದಿಂದ ಹುಟ್ಟಿದ ನಿಯಮವೆಂದು ಹೊಸಬರು ಭಾವಿಸುತ್ತಾರೆ. ಅನುಭವದಲ್ಲಿ ನಾನು ಕಂಡದ್ದು ಬೇರೆ. ಲೆಕ್ಕದಲ್ಲಿ ಕೊರತೆ ಬಂದ ದಿನ ಒಬ್ಬನೇ ಇದ್ದಿದ್ದರೆ, ತಾನು ನಿರ್ದೋಷಿಯೆಂದು ತೋರಿಸಲು ಅವನಿಗೆ ದಾರಿಯೇ ಇರುತ್ತಿರಲಿಲ್ಲ. ನಿಯಮವು ಹಣವನ್ನು ಕಾಯುವಂತೆಯೇ ಕಾವಲುಗಾರನ ಮಾನವನ್ನೂ ಕಾಯುತ್ತದೆ.

ಅಂತೂ ಉಪಕರಣವನ್ನು ಅಳಿಸಿ ಮರಳಿ ಸಿದ್ಧಪಡಿಸುವ ಪರೀಕ್ಷೆಯನ್ನು ಅವನ ಹೆಂಡತಿಯೇ ಮಾಡಬೇಕೆಂದು ನಿಶ್ಚಯವಾಯಿತು. ಅವಳು ಶಾಲೆಯೊಂದರಲ್ಲಿ ಶಿಕ್ಷಕಿ. ಕ್ರಿಪ್ಟೋ ವಿಷಯದಲ್ಲಿ ಆಸಕ್ತಿ ಇಲ್ಲದವಳು. ಗಂಡನು ಬಾಯಿ ತೆರೆಯಬಾರದೆಂದು ಕಟ್ಟುಮಾಡಿ, ಕಾಗದವನ್ನು ಎದುರಿಗಿಟ್ಟುಕೊಂಡು, ಎರಡೇ ಗುಂಡಿಗಳಿಂದ 24 ಪದಗಳನ್ನು ಒಂದೊಂದಾಗಿ ತುಂಬಿದಳು. ಹದಿನೇಳನೆಯ ಮತ್ತು ಹದಿನೆಂಟನೆಯ ಪದಗಳು ಹಿಂದುಮುಂದಾಗಿದ್ದುದರಿಂದ ಉಪಕರಣವು ಮೊದಲ ಸಲ ಒಪ್ಪಲಿಲ್ಲ. ಪದಗಳಲ್ಲಿಯೇ ಒಂದು ತಾಳೆಯ ಲೆಕ್ಕವು ಅಡಗಿರುವುದರಿಂದ ಇಂತಹ ತಪ್ಪು ಬಹುತೇಕ ಹಿಡಿಯಲ್ಪಡುತ್ತದೆ. ಅವಳು ಬೇಸರಪಡದೆ ಮತ್ತೆ ತುಂಬಿದಳು. ಮುಕ್ಕಾಲು ಗಂಟೆಯ ಬಳಿಕ ಮೊದಲಿನ ವಿಳಾಸವೇ ಪರದೆಯ ಮೇಲೆ ಮೂಡಿತು. ‘ಇಷ್ಟೇ ಏನು?’ ಎಂದು ಕೇಳಿದಳು. ನಿಜವಾಗಿ ಅಷ್ಟೇ. ಆದರೆ ಒಮ್ಮೆಯಾದರೂ ತನ್ನ ಕೈಯಿಂದ ಮಾಡಿ ನೋಡದವಳಿಗೆ, ದುಃಖದ ಒಂದು ದಿನ ಅದು ಬೆಟ್ಟದಂತೆ ತೋರುತ್ತಿತ್ತು.

ಅನಂತರ ನಾಣ್ಯವನ್ನು ತರುವ ಸರದಿ. ಎಲ್ಲ ಎಕ್ಸ್‌ಚೇಂಜುಗಳೂ ನಾಣ್ಯವನ್ನು ಹೊರಗೆ ಕಳುಹಿಸಲು ಒಂದೇ ಬಗೆಯಾಗಿ ಅವಕಾಶ ಕೊಡುವುದಿಲ್ಲ. ಸ್ವೀಕರಿಸುವ ವ್ಯಾಲೆಟ್ ಯಾರದೆಂದು ಘೋಷಣೆ ಕೇಳುವುದೂ ಉಂಟು. ಅವನು ಆ ನಿಯಮಗಳನ್ನು ಮೊದಲೇ ಓದಿಕೊಂಡಿದ್ದ. ಖಾತೆಗೆ ಗುಪ್ತಪದದ ಜೊತೆಗೆ ಎರಡನೆಯ ದೃಢೀಕರಣವನ್ನು ಮೊಬೈಲ್ ಸಂದೇಶದ ಬದಲು ಪ್ರತ್ಯೇಕ ಆ್ಯಪ್ ಮೂಲಕ ಇಟ್ಟಿದ್ದ. ಏಕೆಂದರೆ ಸಿಮ್ ಕಾರ್ಡಿನ ನಕಲು ಪಡೆದು ಸಂದೇಶವನ್ನು ಕದಿಯುವ ವಂಚಕರಿದ್ದಾರೆ. ನಾಣ್ಯವನ್ನು ಯಾವ ಜಾಲದ ಮೂಲಕ ಕಳುಹಿಸಬೇಕೆಂದು ಎಕ್ಸ್‌ಚೇಂಜು ಕೇಳುತ್ತದೆ. ಕಳುಹಿಸುವ ಜಾಲವೂ ಸ್ವೀಕರಿಸುವ ಜಾಲವೂ ಒಂದೇ ಆಗಿರತಕ್ಕದ್ದು. ಒಂದೇ ಹೆಸರಿನ ಡಾಲರ್ ನಾಣ್ಯವು ಇಥೀರಿಯಂ ಜಾಲದಲ್ಲಿಯೂ ಟ್ರಾನ್ ಜಾಲದಲ್ಲಿಯೂ ಇರುವುದರಿಂದ, ಹೆಸರನ್ನು ಮಾತ್ರ ನೋಡಿ ಜಾಲವನ್ನು ನೋಡದವರು ಕಷ್ಟಕ್ಕೆ ಸಿಲುಕುತ್ತಾರೆ. ನಮ್ಮ ಕಾರ್ಯವು ಬಿಟ್‌ಕಾಯಿನ್ ಜಾಲವೊಂದಕ್ಕೇ ಸಂಬಂಧಿಸಿದ್ದುದರಿಂದ ಸರಳವಾಗಿತ್ತು.

ವಿಳಾಸವನ್ನು ತಾಳೆ ನೋಡುವ ಕೆಲಸ ನನಗೆ ಬಂತು. ಅದು 42 ಅಕ್ಷರ ಮತ್ತು ಅಂಕೆಗಳ ಸಾಲು. ಗಣಕಯಂತ್ರದಲ್ಲಿ ಸೇರಿಕೊಂಡ ಕೆಲವು ದುಷ್ಟ ತಂತ್ರಾಂಶಗಳು, ನಕಲಿಸಿದ ವಿಳಾಸವನ್ನು ಅಂಟಿಸುವ ಕ್ಷಣದಲ್ಲಿ ಕಳ್ಳನ ವಿಳಾಸವಾಗಿ ಬದಲಿಸಿಬಿಡುತ್ತವೆ. ಕಳ್ಳರು ಮೊದಲಿನ ಮತ್ತು ಕೊನೆಯ ಕೆಲವು ಅಕ್ಷರಗಳು ಹೋಲುವಂತಹ ವಿಳಾಸಗಳನ್ನು ಸೃಷ್ಟಿಸುವುದೂ ಉಂಟು. ಆದ್ದರಿಂದ ಆದಿ ಅಂತ್ಯಗಳನ್ನು ಮಾತ್ರ ನೋಡಿದರೆ ಸಾಲದು. ಉಪಕರಣದ ಸಣ್ಣ ಪರದೆಯಲ್ಲಿರುವುದನ್ನು ನಾನು ಒಂದೊಂದಾಗಿ ಓದಿದೆ, ಅವನು ಎಕ್ಸ್‌ಚೇಂಜಿನ ಪುಟದಲ್ಲಿ ಬೆರಳಿಟ್ಟು ನೋಡಿದ. ದಿನದ ಕೊನೆಗೆ ಒಬ್ಬರು ಚೀಟಿ ಓದಿ ಮತ್ತೊಬ್ಬರು ಲೆಡ್ಜರಿನಲ್ಲಿ ಗುರುತು ಹಾಕುತ್ತಿದ್ದ ನಮ್ಮ ಹಳೆಯ ಪದ್ಧತಿಯೇ ಇದು. ಇಂತಹ ವಿಳಾಸದ ಆರಂಭಭಾಗವನ್ನು ಬಿಟ್ಟರೆ, ಒಂದಕ್ಕೊಂದು ಹೋಲುವ ಕೆಲವು ಅಕ್ಷರ ಅಂಕೆಗಳನ್ನು ಓದುವವನ ಕಣ್ಣು ತಪ್ಪಬಾರದೆಂದೇ ಕೈಬಿಟ್ಟಿದ್ದಾರೆಂದು ಅವನು ಹೇಳಿದ. ನಿಯಮವನ್ನು ರೂಪಿಸಿದವರು ಮನುಷ್ಯಸಹಜವಾದ ಪ್ರಮಾದವನ್ನು ಗಣನೆಗೆ ತೆಗೆದುಕೊಂಡಿದ್ದಾರೆಂದು ತಿಳಿದು ನನಗೆ ಸಂತೋಷವಾಯಿತು.

ನೋಡದೆ ಸಹಿ ಹಾಕುವುದರ ಫಲವೇನೆಂಬುದಕ್ಕೆ ನಮ್ಮ ಈ ಕೆಲಸದ ಎರಡು ತಿಂಗಳ ಬಳಿಕ ಜಗತ್ತೇ ಬೆರಗಾಗುವಂತಹ ನಿದರ್ಶನ ದೊರೆಯಿತು. 2025ರ ಫೆಬ್ರುವರಿ 21ರಂದು ಬೈಬಿಟ್ ಎಂಬ ಎಕ್ಸ್‌ಚೇಂಜಿನಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ನಾಣ್ಯ ಅಪಹೃತವಾಯಿತು. ಅಲ್ಲಿ ಹಲವರು ಸೇರಿ ಸಹಿ ಹಾಕುವ ವ್ಯವಸ್ಥೆ ಇದ್ದೇ ಇತ್ತು. ಕಳ್ಳರು ಗಣಕಯಂತ್ರದ ಪುಟವನ್ನೇ ತಿದ್ದಿದ್ದರು; ಸಹಿ ಹಾಕುವವರಿಗೆ ಕಂಡದ್ದು ದಿನನಿತ್ಯದ ವ್ಯವಹಾರ, ಅವರ ಸಹಿ ಬಿದ್ದದ್ದು ಬೇರೊಂದಕ್ಕೆ. ಕೀಲಿಕೈ ಎಷ್ಟು ಭದ್ರವಾಗಿದ್ದರೂ ಅದನ್ನು ಹಿಡಿದ ಕೈಗೆ ತಾನೇನು ಮಾಡುತ್ತಿದ್ದೇನೆ ಎಂಬ ಅರಿವು ಇರಬೇಕು. ಬ್ಯಾಂಕಿನಲ್ಲಿ ನಾವು ಕಿರಿಯರಿಗೆ ಮೊದಲ ದಿನ ಹೇಳುತ್ತಿದ್ದ ಮಾತೂ ಇದೇ.

ಮೊದಲು ಅತ್ಯಲ್ಪ ಮೊತ್ತವನ್ನು ಮಾತ್ರ ಕಳುಹಿಸಲಾಯಿತು. ಕಳುಹಿಸಿದ ಪ್ರತಿ ಸಲವೂ ಎಕ್ಸ್‌ಚೇಂಜು ಶುಲ್ಕವನ್ನು ಕಳೆದುಕೊಳ್ಳುವುದರಿಂದ ಇದು ವ್ಯರ್ಥ ಖರ್ಚೆಂದು ತೋರಬಹುದು. ಹೊಲಕ್ಕೆಲ್ಲ ಬಿತ್ತುವ ಮುನ್ನ ಹಿಡಿ ಬೀಜವನ್ನು ಮೊಳಕೆ ಕಟ್ಟಿ ನೋಡುವ ರೈತನಿಗೆ ಇದರ ಅರ್ಥ ತಿಳಿಯುತ್ತದೆ. ಲೆಕ್ಕದ ಪುಸ್ತಕದ ಹೊಸ ಪುಟ ಸರಾಸರಿ 10 ನಿಮಿಷಗಳಿಗೊಮ್ಮೆ ತೆರೆಯುತ್ತದೆ. ಆರು ಪುಟಗಳು ಮೇಲೆ ಬಿದ್ದರೆ ವ್ಯವಹಾರ ಸ್ಥಿರವಾಯಿತೆಂದು ಎಣಿಸುವುದು ರೂಢಿ. ಒಂದು ಗಂಟೆಗೂ ಹೆಚ್ಚು ಕಾಯ್ದೆವು. ಚಿಕ್ಕ ಮೊತ್ತವು ಬಂದು ಸೇರಿದ್ದನ್ನು ಖಚಿತಪಡಿಸಿಕೊಂಡು, ರಾತ್ರಿಯಾಗಿದ್ದುದರಿಂದ ಉಳಿದದ್ದನ್ನು ಮರುದಿನಕ್ಕೆ ಬಿಟ್ಟೆವು. ದಣಿದ ಕಣ್ಣುಗಳಿಂದ ಮಾಡಬಾರದ ಕೆಲಸಗಳಲ್ಲಿ ಇದೂ ಒಂದು. ಬೆಳಿಗ್ಗೆ ವಿಳಾಸವನ್ನು ಮೊದಲಿನಂತೆಯೇ ಪೂರ್ತಿ ಓದಿ, ಉಳಿದ ಮೊತ್ತವನ್ನು ಕಳುಹಿಸಲಾಯಿತು. ತಾರೀಖು, ಮೊತ್ತ, ಶುಲ್ಕ, ವ್ಯವಹಾರದ ಗುರುತುಸಂಖ್ಯೆ, ಕೊಂಡ ಬೆಲೆಯ ದಾಖಲೆಗಳು, ಎಲ್ಲವನ್ನೂ ಒಂದು ಕಡತದಲ್ಲಿ ಸೇರಿಸಿಟ್ಟೆವು. ತನ್ನದನ್ನು ತನ್ನಲ್ಲಿಗೆ ತರುವುದು ಮಾರಾಟವಲ್ಲ. ಆದರೆ ಮುಂದೆ ಮಾರಿದಾಗ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವಂತೆ ಲಾಭದ ಮೇಲೆ ನೂರಕ್ಕೆ 30ರಷ್ಟು ತೆರಿಗೆಯುಂಟು. ಸ್ವಂತ ವಶದಲ್ಲಿರುವ ಸೊತ್ತು ಸರ್ಕಾರದ ಕಣ್ಣಿಗೆ ಮರೆಯಾದ ಸೊತ್ತೆಂದು ಭಾವಿಸುವವರು ಸುರಕ್ಷತೆಯ ಹೆಸರಿನಲ್ಲಿ ಅಸತ್ಯವನ್ನು ಆಚರಿಸುತ್ತಾರೆ.

ಉಳಿದದ್ದು ಆ ಕಾಗದದ ಪ್ರಶ್ನೆ. ‘ಮಾವ, ಒಂದು ಪ್ರತಿಯನ್ನು ನೀವು ಇಟ್ಟುಕೊಳ್ಳಿ. ನಿಮ್ಮಷ್ಟು ನಂಬುವವರು ನನಗೆ ಯಾರಿದ್ದಾರೆ?’ ಎಂದ ಸೋದರಳಿಯ. ನಾನು ಒಪ್ಪಲಿಲ್ಲ. ಅವನು ಸ್ವಲ್ಪ ನೊಂದುಕೊಂಡಂತೆ ಕಂಡಿತು. ಆದ್ದರಿಂದ ಕಾರಣವನ್ನು ಬಿಡಿಸಿ ಹೇಳಿದೆನು. ಚಿನ್ನವನ್ನು ನ್ಯಾಸವಾಗಿ ಇಟ್ಟುಕೊಂಡವನು ಅದನ್ನು ಮರಳಿ ಎಣಿಸಿ ಕೊಟ್ಟು ಋಣಮುಕ್ತನಾಗಬಹುದು. ಪದಗಳನ್ನು ಇಟ್ಟುಕೊಂಡವನು ಕಾಗದವನ್ನು ಹಿಂದಿರುಗಿಸಿದರೂ ಋಣಮುಕ್ತನಾಗಲಾರನು. ಒಮ್ಮೆ ಕಣ್ಣಿಗೆ ಬಿದ್ದದ್ದು ಅವನ ಬಳಿ ಉಳಿದಿದೆಯೋ ಇಲ್ಲವೋ ಎಂಬುದನ್ನು ಯಾರೂ ಬಲ್ಲವರಲ್ಲ. ನಾಳೆ ಆ ನಾಣ್ಯವು ಯಾವ ಕಾರಣದಿಂದಲೋ ಮಾಯವಾದರೆ, ಒಯ್ದವರ ಹೆಸರನ್ನು ಲೆಕ್ಕದ ಪುಸ್ತಕ ಹೇಳುವುದಿಲ್ಲ. ಆಗ ಅವನ ಮನಸ್ಸಿನಲ್ಲಿ ಕ್ಷಣಮಾತ್ರ ನನ್ನ ಹೆಸರು ಹಾದುಹೋದರೂ ನಮ್ಮ ಇಷ್ಟು ವರ್ಷಗಳ ಪ್ರೀತಿಗೆ ಕಳಂಕ. ತನ್ನ ನಿರ್ದೋಷಿತ್ವವನ್ನು ತೋರಿಸಲು ದಾರಿಯಿಲ್ಲದ ಸ್ಥಾನದಲ್ಲಿ ಪ್ರೀತಿಪಾತ್ರರನ್ನು ನಿಲ್ಲಿಸಬಾರದು.

ಕೊನೆಗೆ ಆದ ಏರ್ಪಾಡು ಇದು. ಪದಗಳನ್ನು ಬೆಂಕಿಗೂ ನೀರಿಗೂ ಜಗ್ಗದ ಎರಡು ಉಕ್ಕಿನ ಫಲಕಗಳ ಮೇಲೆ ಅವನೇ ಅಚ್ಚೊತ್ತಿದ. ಪದಗಳನ್ನು ಅರ್ಧರ್ಧವಾಗಿ ಹರಿದು ಎರಡೆಡೆ ಇಡುವ ಸಲಹೆ ಬಂದಿತ್ತು. ಯಾವ ಅರ್ಧ ಕಳೆದರೂ ಪೂರ್ಣ ನಷ್ಟವಾಗುವುದರಿಂದ ಅದನ್ನು ಕೈಬಿಟ್ಟೆವು. ಒಂದು ಫಲಕ ಬೆಂಗಳೂರಿನಲ್ಲಿ ಗಂಡಹೆಂಡಿರ ಜಂಟಿ ಹೆಸರಿನ ಬ್ಯಾಂಕ್ ಲಾಕರಿಗೆ ಹೋಯಿತು. ಮತ್ತೊಂದು ಹುಬ್ಬಳ್ಳಿಯಲ್ಲಿ ನನ್ನ ತಂಗಿ ಮತ್ತು ಅವನ ಹೆಸರಿನಲ್ಲಿರುವ ಲಾಕರಿಗೆ. ಲಾಕರನ್ನು ಯಾರು, ಯಾವ ದಿನ, ಎಷ್ಟು ಹೊತ್ತಿಗೆ ತೆರೆದರೆಂಬುದು ಸಹಿಯೊಡನೆ ದಾಖಲಾಗುತ್ತದೆ. ಕ್ರಿಪ್ಟೋ ಲೋಕವು ಕೊಡಲಾರದ ಸಾಕ್ಷ್ಯವನ್ನು ಆ ರಿಜಿಸ್ಟರು ಕೊಡುತ್ತದೆ. ಉಪಕರಣ ಮನೆಯಲ್ಲಿ, ಪದಗಳಿಂದ ದೂರ. ಇವೆಲ್ಲ ಎಲ್ಲಿವೆ, ಯಾವ ಕ್ರಮದಲ್ಲಿ ಏನು ಮಾಡಬೇಕು ಎಂಬ ಒಂದು ಪತ್ರವನ್ನು ಪದಗಳ ಉಲ್ಲೇಖವಿಲ್ಲದೆ ಅವಳ ಕೈಬರಹದಲ್ಲಿಯೇ ಬರೆಸಿ ಮನೆಯ ಕಾಗದಪತ್ರಗಳೊಡನೆ ಇಡಲಾಯಿತು. ಪತ್ರದ ಕೊನೆಯ ಸಾಲಿನಲ್ಲಿ ಆ ನಾಣ್ಯವು ಯಾರಿಗಾಗಿ ಎಂಬುದನ್ನು ಅವನು ಬರೆದು ಸಹಿ ಹಾಕಿದ.

ಕೆಲವು ವಾರಗಳ ಮೇಲೆ, ಉಪಕರಣದ ಸಂಸ್ಥೆಯಿಂದ ಬಂದಂತೆ ತೋರುವ ಮಿಂಚಂಚೆಯೊಂದು ಅವನಿಗೆ ತಲುಪಿತು. ಭದ್ರತೆಯ ಪರಿಶೀಲನೆಗಾಗಿ 24 ಪದಗಳನ್ನು ತುಂಬಬೇಕೆಂದು ಅದರಲ್ಲಿ ಬರೆದಿತ್ತು. ಅವನು ಅದನ್ನು ಅಳಿಸಿಹಾಕಿ ಹೆಂಡತಿಗೂ ತೋರಿಸಿರುವುದಾಗಿ ದೂರವಾಣಿಯಲ್ಲಿ ಹೇಳಿದ. ಆ ಪದಗಳನ್ನು ಕೇಳುವ ಅಧಿಕಾರ ಯಾವ ಸಂಸ್ಥೆಗೂ, ಯಾವ ಅಧಿಕಾರಿಗೂ ಇಲ್ಲ. ಕೇಳಿದವನು ವಂಚಕನೇ ಎಂದು ತಿಳಿಯಲು ಬೇರೆ ಪರೀಕ್ಷೆ ಬೇಡ.

ಕೀಲಿಕೈ ತನ್ನದಲ್ಲದಿದ್ದರೆ ನಾಣ್ಯವೂ ತನ್ನದಲ್ಲ ಎಂಬ ಮಾತು ಈ ವ್ಯವಹಾರದಲ್ಲಿರುವವರ ಬಾಯಲ್ಲಿ ಪ್ರಚಲಿತವಾಗಿದೆ. ಅದು ಸರಿಯೇ. ಆದರೆ ಕೀಲಿಕೈಯನ್ನು ಕೈಗೆ ತೆಗೆದುಕೊಂಡವನು, ಅದುವರೆಗೆ ಶ್ರೇಷ್ಠಿಯು ಹೊರಬೇಕಾಗಿದ್ದ ಧರ್ಮವೆಲ್ಲವನ್ನೂ ತನ್ನ ಹೆಗಲಿಗೆ ತೆಗೆದುಕೊಂಡಂತಾಯಿತು. ಸರಿಯಾದ ಲೆಕ್ಕ, ನೋಡಿ ಹಾಕುವ ಸಹಿ, ಬರಿದಾದಾಗಲೇ ಪರೀಕ್ಷಿಸಿದ ಬೀಗ, ತಾನಿಲ್ಲದ ದಿನಕ್ಕೆ ಮಾಡಿಟ್ಟ ಏರ್ಪಾಡು, ಇವೆಲ್ಲವೂ ಆ ಧರ್ಮದ ಅಂಗಗಳು. ಸಂಸಾರಿಯಾದವನ ಸೊತ್ತು ತನ್ನೊಬ್ಬನದೆಂದು ತೋರಿದರೂ ಅದರಲ್ಲಿ ತಾಯಿಯ ಭಾಗವಿದೆ, ಹೆಂಡತಿಯ ಭಾಗವಿದೆ, ಹುಟ್ಟಲಿರುವವರ ಭಾಗವಿದೆ. ಅವರ ಪಾಲಿಗೆ ಅವನು ಒಡೆಯನಿಗಿಂತ ಹೆಚ್ಚಾಗಿ ನ್ಯಾಸಧಾರಿ. ಅವರು ಕೇಳಿದ ದಿನ ಎಣಿಸಿ ಕೊಡುವಂತೆ, ಕೇಳಲು ತಿಳಿಯದ ದಿನವೂ ಅವರಿಗೆ ಸೇರುವಂತೆ ಇಟ್ಟವನೇ ಸುರಕ್ಷಿತವಾಗಿ ಇಟ್ಟವನು ಎಂದು ನನ್ನ ವಿನಮ್ರ ಅಭಿಪ್ರಾಯ.